ಶರ್ಯತ್ತಿನ ಹೊಲ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಸುತ್ತಲ ಹಳ್ಳಿಗಳಲ್ಲಿ ಎತ್ತಿನ ಶರ್ಯತ್ತಿಗೆಂದು ಕಾಯಂ ಮೈದಾನ ಕಟ್ಟಿಸುವ ರೂಢಿಯಿಲ್ಲ. ಜೋಳ, ಕಡಲೆ ಕಿತ್ತು ಖಾಲಿಯಾದ ಯಾರದೋ ಎರಿಹೊಲ, ಊರ ಹೊರಗಿನ ಬಯಲು, ನೀರು ಬತ್ತಿದ ಕೆರೆಯಂಗಳ ಇದ್ದರೆ ಸಾಕು. ಜಾತ್ರಾ ಕಮಿಟಿಯವರು ಟ್ರ್ಯಾಕ್ಟರ್ ತಂದು ಹೆಂಟೆ ಒಡೆಸುತ್ತಾರೆ, ಸುಣ್ಣದ ಗೆರೆ ಎಳೆಸುತ್ತಾರೆ, ಒಂದು ಧ್ವನಿವರ್ಧಕ ಕಟ್ಟುತ್ತಾರೆ. ಅಲ್ಲಿಗೆ ಅಖಾಡ ಸಿದ್ಧ. ಮಳೆ ಬಿದ್ದು ಕುಂಟೆ ಹೂಡಿದ ಮೇಲೆ ಅಲ್ಲೊಂದು ಶರ್ಯತ್ತು ನಡೆದಿತ್ತೆಂಬ ಗುರುತೂ ಉಳಿಯುವುದಿಲ್ಲ.

ಶರ್ಯತ್ತಿನಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಖಾಲಿ ಗಾಡಾ. ಹಗುರ ಬಂಡಿಗೆ ಜೋಡೆತ್ತು ಹೂಡಿ ಯಾರು ಮೊದಲು ಗೆರೆ ದಾಟುತ್ತಾರೆಂದು ನೋಡುವುದು. ಇನ್ನೊಂದು ತೆರಬಂಡಿ. ಇದರಲ್ಲಿ ಬಂಡಿಯ ಭಾರವೇ ಎದುರಾಳಿ. ಜೋಡಿಗಳು ಒಂದೊಂದಾಗಿ ಬರುತ್ತವೆ, ಕೊಟ್ಟ ವೇಳೆಯೊಳಗೆ ಎಷ್ಟು ದೂರ ಎಳೆದವೆಂದು ಟೇಪು ಹಿಡಿದು ಅಡಿ-ಇಂಚಿನಲ್ಲಿ ಅಳೆಯುತ್ತಾರೆ. ಇದೇ ಕುಲದ ಕಲ್ಲು ಜಗ್ಗುವ ಸ್ಪರ್ಧೆ ಪಕ್ಕದ ರಾಯಚೂರಿನಲ್ಲಿ ಕಾರಹುಣ್ಣಿಮೆಯ ಹೊತ್ತಿಗೆ ದೊಡ್ಡ ಹಬ್ಬವಾಗಿಯೇ ನಡೆಯುತ್ತದೆ. ಹೊರಗಿನವರಿಗೆ ಇವೆಲ್ಲ ಒಂದೇ ಥರ ಕಾಣುತ್ತವೆ. ಆದರೆ ಎತ್ತಿನ ಮೈಗೆ ಬೀಳುವ ಪೆಟ್ಟಿನಲ್ಲೂ ಊರಿಗೆ ಸಿಗುವ ಸುಖದಲ್ಲೂ ಇವು ಬೇರೆ ಬೇರೆ. ಶರ್ಯತ್ತು ಬೇಕೇ ಬೇಡವೇ ಎಂದು ಒಂದೇ ಉಸಿರಿಗೆ ವಾದಿಸುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ.

ಮೊದಲು ಸೆಳೆತದ ಮಾತು. ಈ ಸೀಮೆಯಲ್ಲಿ ಎತ್ತು ಬರೀ ಬೇಸಾಯದ ಸಾಧನವಾಗಿದ್ದ ಕಾಲ ಯಾವತ್ತೂ ಇರಲಿಲ್ಲ. ಕೂಡಲಸಂಗಮ ಇರುವುದು ಇದೇ ಹುನಗುಂದದ ನೆಲದಲ್ಲಿ. ಎತ್ತಿಗೆ ಬಸವಣ್ಣ ಎಂದು ಕೈಮುಗಿಯುವ ಜನ ನಾವು. ಮಣ್ಣೆತ್ತಿನ ಅಮಾವಾಸ್ಯೆಯಂದು ಮಣ್ಣಿನಲ್ಲಿ ಎತ್ತು ಮಾಡಿ ಪೂಜಿಸುತ್ತೇವೆ. ಕಾರಹುಣ್ಣಿಮೆಯಂದು ಕೋಡಿಗೆ ಬಣ್ಣ ಬಳಿದು, ಕೋಡಣಸು ತೊಡಿಸಿ, ಜೂಲ ಹೊದಿಸಿ, ಸಂಜೆ ಅಗಸಿಯಲ್ಲಿ ಎತ್ತು ಓಡಿಸಿ ಕರಿ ಹರಿಯುತ್ತೇವೆ. ಬಿಳಿ ಎತ್ತು ಮುಂದೆ ಬಂದರೆ ಬಿಳಿಜೋಳದ ಹಿಂಗಾರಿ ಕೈಹಿಡಿಯುತ್ತದೆ, ಕಂದೆತ್ತು ಬಂದರೆ ಮುಂಗಾರಿ ಎಂದು ಹಿರಿಯರು ಲೆಕ್ಕ ಹಾಕುತ್ತಿದ್ದರು. ಓಟ ಈ ಆಚರಣೆಯ ಒಳಗೇ ಇದೆ. ಅದನ್ನು ಯಾರೂ ಹೊರಗಿನಿಂದ ತಂದು ಅಂಟಿಸಿದ್ದಲ್ಲ.

ಅಖಾಡದ ಇನ್ನೊಂದು ಗುಣ ಅದರ ಸಣ್ಣತನ. ಟಿಕೆಟ್ಟಿಲ್ಲ, ಗ್ಯಾಲರಿಯಿಲ್ಲ. ಮಗ್ಗದಿಂದ ಎದ್ದು ಬಂದ ಇಳಕಲ್ಲಿನ ನೇಕಾರ, ಕಲ್ಲಿನ ಕ್ವಾರಿಯ ಕೂಲಿ, ಹತ್ತು ಎಕರೆಯ ಗೌಡ, ಹೊಲವೇ ಇಲ್ಲದವನು, ಎಲ್ಲರೂ ಒಂದೇ ಬದುವಿನ ಮೇಲೆ ನಿಲ್ಲುತ್ತಾರೆ. ಎತ್ತು ಯಾವ ಮನೆಯದು, ಯಾವ ಸಂತೆಯಿಂದ ಬಂತು, ಎಷ್ಟು ಹಲ್ಲಿಟ್ಟಿದೆ, ಎಡಗೋಲಿನದೋ ಬಲಗೋಲಿನದೋ ಎಂಬುದು ಅಲ್ಲಿ ನಿಂತ ಹುಡುಗನಿಗೂ ಗೊತ್ತು. “ಎಷ್ಟ್ ಅಡಿ ಆತಪಾ?” ಎಂದು ಹಿಂದಿನ ಸಾಲಿನಿಂದ ಕೇಳಿದ ಮುದುಕನಿಗೆ ಮುಂದಿನ ಸಾಲು ಉತ್ತರ ದಾಟಿಸುತ್ತದೆ. ಹಳ್ಳಿಯಿಂದ ಗೋವಾಕ್ಕೋ ಬೆಂಗಳೂರಿಗೋ ದುಡಿಯಲು ಹೋದ ಹುಡುಗರು ಊರಿಗೆ ಬರಲು ಈ ದಿನವೊಂದು ನೆಪ. ಟ್ರ್ಯಾಕ್ಟರ್ ಬಂದ ಮೇಲೆ ಎತ್ತಿನ ಗುಣದೋಷ ಬಲ್ಲವನಿಗೆ ಊರಿನಲ್ಲಿ ಬೆಲೆಯಿರುವ ಜಾಗಗಳೇ ಕಡಿಮೆಯಾಗಿವೆ. ಅಂಥವನ ತಿಳಿವಳಿಕೆಗೆ ಇನ್ನೂ ಮರ್ಯಾದೆ ಸಿಗುವುದು ಇಲ್ಲಿ.

ಶರ್ಯತ್ತಿನ ಎತ್ತಿಗೆ ಸಿಗುವ ಆರೈಕೆಯೂ ಸುಳ್ಳಲ್ಲ. ಹುರುಳಿ, ಹತ್ತಿಕಾಳು, ಹಿಂಡಿ, ಹಾಲು, ಮೊಟ್ಟೆ ಎಂದು ತಿನ್ನಿಸಿ, ದಿನಾ ಮೈ ತೊಳೆದು, ಕಾಲು ತಿಕ್ಕಿ ಬೆಳೆಸುತ್ತಾರೆ. ಮನೆಮಂದಿ ಸಜ್ಜೆರೊಟ್ಟಿ ತಿಂದು ಎತ್ತಿಗೆ ಗೋಧಿಹಿಟ್ಟಿನ ಉಂಡೆ ಕೊಡುವ ಮನೆಗಳಿವೆ. ಆ ಪ್ರೀತಿಯನ್ನು ಅನುಮಾನಿಸುವವರು ಒಮ್ಮೆ ಅಂಥ ಕೊಟ್ಟಿಗೆಗೆ ಹೋಗಿ ಬರಬೇಕು.

ಇನ್ನೊಂದು ಮಗ್ಗುಲನ್ನೂ ಇಷ್ಟೇ ನೇರವಾಗಿ ಹೇಳಬೇಕು. ವರ್ಷವಿಡೀ ಹಾಲು ಕುಡಿಸಿದ ಕೈಯೇ ಶರ್ಯತ್ತಿನ ದಿನ ಬಾರಕೋಲು ಬೀಸುತ್ತದೆ. ಕೋಲಿನ ತುದಿಗೆ ಮೊಳೆ ಬಡಿಯುವುದು, ಬಾಲ ತಿರುಚುವುದು, ಬಾಲ ಕಚ್ಚುವುದು, ಮೂಗುದಾರ ಜಗ್ಗಿ ರಕ್ತ ಬರಿಸುವುದು ಯಾರೋ ಕಟ್ಟಿದ ಕತೆಗಳಲ್ಲ, ನ್ಯಾಯಾಲಯದ ಮುಂದೆ ಬಂದ ಸಂಗತಿಗಳು. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟಿನ ಜೊತೆಗೆ ಎತ್ತಿನ ಗಾಡಿ ಓಟವನ್ನೂ ನಿಷೇಧಿಸಿದಾಗ ಕೊಟ್ಟ ಮುಖ್ಯ ಕಾರಣ ಪ್ರಾಣಿಯ ಮೈಕಟ್ಟಿನದು. ಕುದುರೆಯ ಹಾಗೆ ಓಡಲು ಎತ್ತಿನ ದೇಹ ಒಗ್ಗಿದ್ದಲ್ಲ, ಅದು ಓಡುವುದು ಹೆದರಿಕೆಯಿಂದ, ನೋವಿನಿಂದ ಎಂದು ಪೀಠ ಹೇಳಿತು. ಮೆಲುಕು ಹಾಕುವ ಪ್ರಾಣಿಯ ನಡಿಗೆ ನಿಧಾನ, ದುಡಿಮೆ ದೀರ್ಘ. ನೇಗಿಲಿನ ಹಿಂದೆ ನಡೆದ ಯಾವ ರೈತನೂ ಇದನ್ನು ಅಲ್ಲಗಳೆಯಲಾರ.

ಹೊಲ ಖಾಲಿಯಾಗುವ ಕಾಲವೇ ಇಲ್ಲಿ ಬಿಸಿಲಿನ ಕಾಲ ಎಂಬುದು ಇದಕ್ಕೆ ಸೇರಿಕೊಳ್ಳುತ್ತದೆ. ಹಿಂಗಾರಿ ಕೊಯ್ಲಾಗಿ ಮುಂಗಾರಿ ಬಿತ್ತುವವರೆಗಿನ ತಿಂಗಳುಗಳಲ್ಲಿ ನೆಲ ಬಿಡುವಾಗಿರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಬಾಗಲಕೋಟೆಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಮಧ್ಯಾಹ್ನ ಮುಖಂಡರು ಬಂದು ಭಾಷಣ ಮುಗಿಸುವವರೆಗೆ ನೊಗ ಹೊತ್ತು ನಿಂತ ಜೋಡಿಯನ್ನು ನೋಡಿದರೆ ಸಾಕು, ಓಟಕ್ಕಿಂತ ಆ ಕಾಯುವಿಕೆಯೇ ದೊಡ್ಡ ಹಿಂಸೆ ಎನಿಸುತ್ತದೆ. ಜನರ ಜೀವವೂ ಇಲ್ಲಿ ಅಗ್ಗ. ಕಟಾಂಜನವಿಲ್ಲದ ಹೊಲದಲ್ಲಿ ಬೆದರಿದ ಎತ್ತು ಜನರ ಮೇಲೆ ನುಗ್ಗಿದರೆ ತಡೆಯುವುದು ಏನೂ ಇರುವುದಿಲ್ಲ. ಖಾಲಿ ಗಾಡಾವನ್ನು ಡಾಂಬರು ರಸ್ತೆಯ ಮೇಲೆ ಓಡಿಸಿ, ಅದರ ಅಕ್ಕಪಕ್ಕ ಬೈಕುಗಳು ಹಾರ್ನು ಹೊಡೆಯುತ್ತ ನುಗ್ಗುವ ಪರಿಯಂತೂ ಎತ್ತಿಗೂ ಸವಾರನಿಗೂ ಅಪಾಯ. ಗೊರಸಿಗೆ ಡಾಂಬರು ವೈರಿ.

ಕಾನೂನು ಎರಡೂ ಕಡೆ ತೂಗಾಡಿದೆ. 2011ರ ಜುಲೈ 11ರ ಕೇಂದ್ರದ ಅಧಿಸೂಚನೆ, ಕರಡಿ, ಮಂಗ, ಹುಲಿ, ಚಿರತೆ, ಸಿಂಹಗಳಿದ್ದ ಪ್ರದರ್ಶನ ನಿಷೇಧದ ಪಟ್ಟಿಗೆ ಹೋರಿಯನ್ನೂ ಸೇರಿಸಿತು. 2014ರ ತೀರ್ಪು ಅದನ್ನು ಗಟ್ಟಿ ಮಾಡಿತು. 2017ರ ಜನವರಿಯಲ್ಲಿ ಚೆನ್ನೈನ ಮರೀನಾದಲ್ಲಿ ಜಲ್ಲಿಕಟ್ಟಿನ ಪರ ಜನ ಧರಣಿ ಕೂತ ಮೇಲೆ ಗಾಳಿ ತಿರುಗಿತು. ಕರ್ನಾಟಕ ವಿಧಾನಮಂಡಲ ಅದೇ ಫೆಬ್ರುವರಿಯಲ್ಲಿ ಕಂಬಳಕ್ಕೂ ಎತ್ತಿನ ಓಟಕ್ಕೂ ವಿನಾಯಿತಿ ಕೊಡುವ ತಿದ್ದುಪಡಿ ಒಪ್ಪಿತು, ಜುಲೈನಲ್ಲಿ ಸುಗ್ರೀವಾಜ್ಞೆ ಬಂತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರದ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಹೀಗಾಗಿ ಇಂದು ಶರ್ಯತ್ತು ಕಾನೂನುಬದ್ಧ. ಆದರೆ ಅನಗತ್ಯ ನೋವು ಕೊಡಬಾರದೆಂಬ ಷರತ್ತು ಅದರ ಬೆನ್ನಿಗೇ ಇದೆ. ತಪ್ಪಿದರೆ? 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ 10ರಿಂದ 50 ರೂಪಾಯಿ ದಂಡ. ಅಖಾಡದ ಅಂಚಿನಲ್ಲಿ ಮಂಡಕ್ಕಿ-ಮಿರ್ಚಿಗೂ ಅಷ್ಟು ಖರ್ಚಾಗುತ್ತದೆ. ಅನುಮತಿ ಕೊಟ್ಟ ಕಾನೂನು ಕಾವಲು ಕಾಯುವ ಬಲವನ್ನು ಕೊಡಲಿಲ್ಲ. ನನ್ನ ದೃಷ್ಟಿಯಲ್ಲಿ ಈ ಇಡೀ ಪ್ರಕರಣದ ದೊಡ್ಡ ಕೊರತೆ ಇದು.

ಶರ್ಯತ್ತಿನ ಪರ ಹೆಚ್ಚು ಕೇಳಿಬರುವ ವಾದ ತಳಿಯದು. ಓಟ ನಿಂತರೆ ಖಿಲಾರಿ ತಳಿಯೇ ಹೋದಂತೆ ಎನ್ನುತ್ತಾರೆ. ಇದನ್ನು ಬಿಡಿಸಿ ನೋಡಬೇಕು. ಎತ್ತಿನ ಅಳಿವು ನಿಜ. ದೇಶದಲ್ಲಿ ಗಂಡು ದನಗಳ ಸಂಖ್ಯೆ 2012ರ ಜಾನುವಾರು ಗಣತಿಯಲ್ಲಿ ಸುಮಾರು 6.8 ಕೋಟಿ ಇದ್ದದ್ದು 2019ರಲ್ಲಿ ಸುಮಾರು 4.7 ಕೋಟಿಗೆ ಇಳಿಯಿತು. ಅದೇ ಏಳು ವರ್ಷಗಳಲ್ಲಿ ಹೆಣ್ಣು ದನ ಏರಿದವು. ಹಾಲು ಕೊಡದ, ಹೊಲ ಉಳದ ಗಂಡುಕರುವನ್ನು ಸಾಕುವವರಿಲ್ಲ. ಇಂಥ ಹೊತ್ತಿನಲ್ಲಿ ಒಳ್ಳೆಯ ಖಿಲಾರಿ ಜೋಡಿಗೆ ಲಕ್ಷಗಟ್ಟಲೆ ಬೆಲೆ ಬರುತ್ತದೆಂದರೆ ಅದಕ್ಕೆ ಶರ್ಯತ್ತಿನ ಆಸೆಯೇ ದೊಡ್ಡ ಕಾರಣ. ಆ ಬೆಲೆಯ ಆಸೆಗೇ ಒಬ್ಬ ರೈತ ಲೀಟರು ಲೆಕ್ಕದಲ್ಲಿ ನಷ್ಟವಾದರೂ ಖಿಲಾರಿ ಹಸು ಇಟ್ಟುಕೊಳ್ಳುತ್ತಾನೆ. ಇಷ್ಟರಮಟ್ಟಿಗೆ ವಾದ ಗಟ್ಟಿ.

ಇದರ ಆಚೆಗೆ ವಾದ ಸಡಿಲವಾಗುತ್ತದೆ. ಬೀಜ ಒಡೆಸಿದ ಎತ್ತು ಎಷ್ಟು ಗೆದ್ದರೂ ಅದರ ವಂಶ ಮುಂದುವರಿಯುವುದಿಲ್ಲ. ಗೆದ್ದ ಎತ್ತಿನ ತಾಯಿ ಯಾವುದು, ತಂದೆ ಹೋರಿ ಯಾವುದು ಎಂದು ಬರೆದಿಡದಿದ್ದರೆ ಆ ಗೆಲುವಿನಿಂದ ತಳಿಗೆ ಏನೂ ದಕ್ಕದು. ಇನ್ನೂ ಮುಖ್ಯವಾದದ್ದು, ಓಟ ಉಳಿಸುವುದು ಓಡುವ ತಳಿಯನ್ನು ಮಾತ್ರ. ನಮ್ಮದೇ ನೆಲದ ಕೃಷ್ಣಾ ಕಣಿವೆ ತಳಿಯ ಪಾಡು ನೋಡಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗೀರ್, ಓಂಗೋಲ್, ಕಾಂಕ್ರೇಜ್ ಮುಂತಾದ ರಕ್ತ ಬೆರೆಸಿ, ಎರಿಮಣ್ಣಿನ ಜಿಗುಟು ನೆಲದಲ್ಲಿ ಭಾರದ ನೇಗಿಲು ಎಳೆಯಲೆಂದೇ ರೂಪಿಸಿದ ದೈತ್ಯ ಅದು. ಸಾಂಗ್ಲಿಯ ಪಟವರ್ಧನ ಅರಸರ ಆಸರೆ ಅದಕ್ಕಿತ್ತು, ಬ್ರೆಜಿಲ್ಲಿನವರೆಗೂ ಹೋಯಿತು. ಇಂದು ಕೃಷ್ಣೆ, ಘಟಪ್ರಭೆ, ಮಲಪ್ರಭೆಯ ದಂಡೆಗಳಲ್ಲೇ ಅದು ಅಪರೂಪ. ನಿಧಾನದ ಈ ಪ್ರಾಣಿಗೆ ಖಾಲಿ ಗಾಡಾದಲ್ಲಿ ಜಾಗವಿಲ್ಲ. ಜಾಗವೇನಾದರೂ ಇದ್ದರೆ ತೆರಬಂಡಿಯಲ್ಲಿ, ಕಲ್ಲು ಜಗ್ಗುವ ಕಣದಲ್ಲಿ. ವೇಗ ಬೇಡುವ ಶರ್ಯತ್ತಿಗೂ ಬಲ ಬೇಡುವ ಶರ್ಯತ್ತಿಗೂ ಒಂದೇ ಬಹುಮಾನದ ಪಟ್ಟಿ, ಒಂದೇ ಕಾನೂನು ಇಟ್ಟು ತಳಿ ಉಳಿಸುತ್ತೇವೆಂದರೆ ನಂಬುವುದು ಹೇಗೆ?

ಹಣದ ಮಾತಿಗೆ ಬರೋಣ. ಸಣ್ಣ ಅಖಾಡ ನಡೆಯುವುದು ವಂತಿಗೆಯಿಂದ. ಪಟ್ಟಿ ಎತ್ತುತ್ತಾರೆ, ಯಾರೋ ಪೆಂಡಾಲು ಹಾಕಿಸುತ್ತಾರೆ, ಇನ್ನಾರೋ ಬಂದ ಜೋಡಿಗಳಿಗೆ ಕಣಕಿ ಕೊಡುತ್ತಾರೆ. ಪೊಲೀಸರ ಅನುಮತಿ, ಪಶುವೈದ್ಯರು, ಆಂಬುಲೆನ್ಸು, ಕಟಾಂಜನ ಎಂದರೆ ಈ ಪುಡಿಗಾಸು ಸಾಲದು. ಆಗ ಚುನಾವಣೆಗೆ ನಿಲ್ಲುವವರು ಬರುತ್ತಾರೆ, ಬೆಳ್ಳಿ ಕಡಗವಿದ್ದ ಜಾಗಕ್ಕೆ ಬೈಕು, ಬಂಗಾರ ಬರುತ್ತದೆ. ಬಹುಮಾನ ಏರಿದಷ್ಟೂ ದೂರದ ಜೋಡಿಗಳು, ಬಾಜಿ, ಬಾರಕೋಲಿನ ಏಟು ಎಲ್ಲವೂ ಏರುತ್ತವೆ. ಊರ ಎತ್ತು ಬದುವಿನ ಮೇಲೆ ಪ್ರೇಕ್ಷಕನಾಗುತ್ತದೆ. ಇದರ ಮೇಲೆ 2022ರಲ್ಲಿ ಚರ್ಮಗಂಟು ರೋಗ ಹಬ್ಬಿ ದನದ ಸಂತೆ, ಜಾತ್ರೆಗಳೇ ನಿಂತವು. ಒಂದು ಹಂಗಾಮು ತಪ್ಪಿದರೂ ಸಣ್ಣ ಕಮಿಟಿ ಚದುರುತ್ತದೆ. ಕರಾವಳಿಯ ಕಂಬಳಕ್ಕೆ ಜಿಲ್ಲಾ ಸಮಿತಿಯಿದೆ, ಗೆಲುವು ತೀರ್ಮಾನಿಸಲು ಲೇಸರ್ ಬಂದಿದೆ, 2023ರ ನವೆಂಬರಿನಲ್ಲಿ ಅದು ಬೆಂಗಳೂರಿಗೂ ಹೋಗಿ ಬಂತು. ತೆರಬಂಡಿಗೆ ಈಗಲೂ ಊರೂರಿಗೊಂದು ನಿಯಮ.

ಎತ್ತಿನ ಬದಲು ಟ್ರ್ಯಾಕ್ಟರ್ ಜಗ್ಗಿಸಿದರಾಯಿತು ಎನ್ನುವವರಿದ್ದಾರೆ. ಅಮೆರಿಕದಲ್ಲಿ ನಡೆದದ್ದು ಅದೇ. ಹಳ್ಳಿಯ ಜಾತ್ರೆಗಳಲ್ಲಿ ಕುದುರೆಗಳು ಭಾರ ಎಳೆಯುತ್ತಿದ್ದವು. 1929ರಲ್ಲಿ ಒಹಾಯೋ, ಮಿಸೌರಿಗಳಲ್ಲಿ ಟ್ರ್ಯಾಕ್ಟರ್ ಜಗ್ಗುವ ಸ್ಪರ್ಧೆಗಳು ನಡೆದವು, 1969ರಲ್ಲಿ ಅದಕ್ಕೊಂದು ರಾಷ್ಟ್ರೀಯ ಸಂಘವೇ ಹುಟ್ಟಿತು, ನಿಯಮ ಬಂತು. ನಮ್ಮ ಕಡೆಯೂ ಟ್ರೇಲರ್ ಸಮೇತ ಟ್ರ್ಯಾಕ್ಟರ್ ಹಿಂದಕ್ಕೆ ಓಡಿಸುವ ಪೈಪೋಟಿಗಳು ಜಾತ್ರೆಗೆ ಬಂದಿವೆ, ಜನ ಸೇರುತ್ತಾರೆ. ಬೇಡವೆನ್ನಲು ನನಗೆ ಕಾರಣವಿಲ್ಲ. ಆದರೆ ಎತ್ತಿನ ಪ್ರಶ್ನೆಗೆ ಅದು ಉತ್ತರವಲ್ಲ. ಅಲ್ಲಿಗೆ ಎತ್ತು ಕೊಟ್ಟಿಗೆಯಿಂದಲೂ ಹೊರಟುಹೋಗುತ್ತದೆ, ಅಷ್ಟೇ. ಹಿಂಸೆ ತಪ್ಪಿತೆಂದು ಸಮಾಧಾನಪಡುವವರು ಆ ಗಂಡುಕರುಗಳು ಎಲ್ಲಿ ಹೋದವೆಂದೂ ಕೇಳಿಕೊಳ್ಳಬೇಕು.

ನನ್ನ ತೀರ್ಮಾನ ಹೇಳುತ್ತೇನೆ. ರಸ್ತೆಯ ಮೇಲಿನ ಖಾಲಿ ಗಾಡಾ ನಿಲ್ಲಬೇಕು. ಅದರ ಪರ ಕೇಳಿದ ಯಾವ ಮಾತೂ ನನ್ನನ್ನು ಒಪ್ಪಿಸಿಲ್ಲ. ಹೊಲದೊಳಗಿನ ತೆರಬಂಡಿ ಉಳಿಯಬೇಕು, ಆದರೆ ಬೆಳಗಿನ ತಂಪಿನಲ್ಲಿ, ಜೋಡಿಯ ವಯಸ್ಸಿಗೆ ತಕ್ಕ ಭಾರದೊಂದಿಗೆ, ಬಾರಕೋಲಿಲ್ಲದೆ. ಕೋಲು ಮುಟ್ಟಿದ ಕ್ಷಣಕ್ಕೆ ಜೋಡಿ ಹೊರಗೆ ಎಂಬ ಒಂದೇ ನಿಯಮ ಸಾಕು, ಅರ್ಧ ಹಿಂಸೆ ತಾನಾಗಿ ಹೋಗುತ್ತದೆ. ಕರೆದ ಧ್ವನಿಗೆ ಎಳೆಯುವ ಎತ್ತನ್ನು ಪಳಗಿಸುವುದೇ ನಿಜವಾದ ಒಕ್ಕಲುತನದ ವಿದ್ಯೆ, ಅದಕ್ಕೆ ಬಹುಮಾನ ಸಿಗಲಿ. ಗೆದ್ದ ಜೋಡಿಯ ತಾಯಿಹಸು ಸಾಕಿದವನಿಗೂ ಒಂದು ಪಾಲು ಇರಲಿ. ಬಹುಮಾನ ಊರು ಎತ್ತಿದ ಪಟ್ಟಿಯೊಳಗೇ ನಿಲ್ಲಲಿ.

ಪುಷ್ಯ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ತೇರು ಎಳೆದ ಮೇಲೆ ಜಿಲ್ಲೆಯ ಜಾತ್ರೆಗಳು ಒಂದೊಂದಾಗಿ ಬರುತ್ತವೆ. ಕಮಿಟಿಯವರಲ್ಲಿ ಕೇಳುವುದಿಷ್ಟೆ: ಬಹುಮಾನ ಕೊಡುವವರ ಹೆಸರು ಹಾಕಿ ಬ್ಯಾನರು ಮಾಡಿಸುವ ಮೊದಲು ತಾಲ್ಲೂಕು ಪಶು ಆಸ್ಪತ್ರೆಗೆ ಒಂದು ಅರ್ಜಿ ಕೊಡಿ, ವೈದ್ಯರು ಬರುತ್ತೇವೆಂದ ದಿನವೇ ಶರ್ಯತ್ತಿನ ದಿನ ಗೊತ್ತುಮಾಡಿ.