ಸಾಹೇಬರ ಪಿಎ ರಜೆಯಲ್ಲಿದ್ದಾರೆ

ಮೇ ತಿಂಗಳು ಹತ್ತಿರ ಬಂತೆಂದರೆ ಮುಂಬಯಿಯ ಫೋರ್ಟ್, ಬಲ್ಲಾರ್ಡ್ ಎಸ್ಟೇಟ್‌ಗಳ ಕಂಪನಿಗಳಲ್ಲಿ ಒಂದು ಕಾಲಕ್ಕೆ ಸ್ಟೆನೋಗಳ ಮೇಜುಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು. ಮಕ್ಕಳ ಪರೀಕ್ಷೆ ಮುಗಿದಿದೆ, ಊರಿನಲ್ಲಿ ಮದುವೆಯಿದೆ, ದೈವದ ನೇಮವಿದೆ. ಕೂಡಿಟ್ಟ ಪ್ರಿವಿಲೇಜ್ ಲೀವ್ ಬರೆದುಕೊಟ್ಟು, ಮೊದಮೊದಲು ಹಡಗಿನಲ್ಲಿ, ಆಮೇಲೆ ಬಸ್ಸಿನಲ್ಲಿ, ಕೊಂಕಣ ರೈಲು ಬಂದ ಮೇಲೆ ಮತ್ಸ್ಯಗಂಧದಲ್ಲಿ ಉಡುಪಿ, ಮಂಗಳೂರಿನ ಕಡೆ ಹೊರಟರೆ ಮತ್ತೆ ಮುಖ ಕಾಣುವುದು ಮಳೆ ಶುರುವಾಗುವ ಹೊತ್ತಿಗೆ. ಹಳ್ಳಿಯ ಮನೆಗೆ ಫೋನಿಲ್ಲ. ಟ್ರಂಕ್ ಕಾಲ್ ಬುಕ್ ಮಾಡಿ ಕಾಯುವಷ್ಟು ವ್ಯವಧಾನ ಯಾವ ಸಾಹೇಬರಿಗೂ ಇಲ್ಲ. ಡಿಕ್ಟೇಶನ್ ತೆಗೆದುಕೊಳ್ಳಲು ಸ್ಟೆನೋ ಪೂಲಿನಿಂದ ಇನ್ನೊಬ್ಬರು ಬಂದು ಕೂರುತ್ತಿದ್ದರು. ಒಬ್ಬರ ಶಾರ್ಟ್‌ಹ್ಯಾಂಡ್ ಇನ್ನೊಬ್ಬರಿಗೆ ಓದಲು ಬಾರದೆ ಒದ್ದಾಡಿದ್ದೂ ಉಂಟು. ಆದರೂ ಪತ್ರಗಳು ಹೋಗುತ್ತಿದ್ದವು, ಕಂಪನಿ ನಡೆಯುತ್ತಿತ್ತು.

ಆ ಕಾಲವೇ ಚಂದ ಎಂದು ಹಾಡಿ ಹೊಗಳುವ ಉದ್ದೇಶ ನನಗಿಲ್ಲ. ಆ ಕುರ್ಚಿಯವರೆಗೆ ಬರುವ ದಾರಿಯೇ ಕಡಿದಾಗಿತ್ತು. ಹಗಲು ಹೋಟೆಲಿನಲ್ಲೋ ಕ್ಯಾಂಟೀನಿನಲ್ಲೋ ದುಡಿದು, ಸಂಜೆ ರಾತ್ರಿಶಾಲೆಗೆ ಹೋಗಿ, ಆಮೇಲೆ ಟೈಪಿಂಗು, ಶಾರ್ಟ್‌ಹ್ಯಾಂಡು ಕಲಿತು ಕಂಪನಿ ಸೇರಿದವರು ಅನೇಕರು. ಮೊಗವೀರ ಸಮಾಜದವರ ರಾತ್ರಿಶಾಲೆ ಶುರುವಾದದ್ದು 1908ರಲ್ಲಿ. ತುಳುನಾಡಿನ ಬೇರೆ ಸಮಾಜಗಳೂ ಅದೇ ದಾರಿ ಹಿಡಿದವು. ಕೆಲಸ ಸಿಕ್ಕ ಮೇಲೂ ನೆಮ್ಮದಿಯಿರಲಿಲ್ಲ. ಅರವತ್ತರ ದಶಕದಲ್ಲಿ 'ಮಾರ್ಮಿಕ' ಪತ್ರಿಕೆ ಕಂಪನಿಗಳಲ್ಲಿರುವ ದಕ್ಷಿಣದವರ ಹೆಸರುಗಳ ಪಟ್ಟಿ ಅಚ್ಚುಹಾಕುತ್ತಿತ್ತು. 1966ರಲ್ಲಿ ಶಿವಸೇನೆ ಹುಟ್ಟಿದಾಗ ಅದರ ಮೊದಲ ಸಿಟ್ಟು ತಿರುಗಿದ್ದೇ ಈ ಗುಮಾಸ್ತರು, ಸ್ಟೆನೋಗಳ ಮೇಲೆ. ಇಷ್ಟೆಲ್ಲ ಅಂಜಿಕೆಯ ನಡುವೆಯೂ ಮೇ ತಿಂಗಳ ರಜೆ ಮಾತ್ರ ಅವರಿಗೆ ದಕ್ಕುತ್ತಿತ್ತು. ಅದಕ್ಕೆ ಕಾರಣ ಅವರ ಮನೋಬಲವಲ್ಲ, ಸಾಹೇಬರ ಔದಾರ್ಯವೂ ಅಲ್ಲ. ಅವರ ಕುರ್ಚಿಯಲ್ಲಿ ಕೂರಲು ಇನ್ನೊಬ್ಬರಿದ್ದರು, ಅಷ್ಟೇ.

ಈಗ ಇದೇ ಕೆಲಸಕ್ಕೆ ಎಕ್ಸಿಕ್ಯುಟಿವ್ ಅಸಿಸ್ಟೆಂಟ್ ಎಂಬ ಹೆಸರು ಬಂದಿದೆ. ಆಡುಮಾತಿನಲ್ಲಿ ಇಎ, ಹಳಬರ ಬಾಯಲ್ಲಿ ಇನ್ನೂ ಪಿಎ. ಸಂಬಳ ಏರಿದೆ, ಗೌರವ ಏರಿದೆ, ಕೆಲಸದ ವಿಸ್ತಾರವೂ ಏರಿದೆ. ರಜೆ ಮಾತ್ರ ಕುಗ್ಗಿದೆ. ಇದಕ್ಕೆ ಇವತ್ತಿನ ಉಪದೇಶಕರು ಕೊಡುವ ಔಷಧ ಎಲ್ಲರಿಗೂ ಗೊತ್ತಿರುವಂಥದ್ದೇ: ಬೆಳಿಗ್ಗೆ ಬೇಗ ಏಳಿ, ಪ್ರಾಣಾಯಾಮ ಮಾಡಿ, ಫೋನ್ ದೂರ ಇಡಿ, ನಿಮಗಾಗಿ ಸಮಯ ಮಾಡಿಕೊಳ್ಳಿ. ಒಳ್ಳೆಯ ಮಾತೇ. ಆದರೆ ನಾಯಕರ ಬೆನ್ನಿಗೆ ನಿಂತು ದುಡಿಯುವವರ ವಿರಾಮವನ್ನು ಅವರ ಸ್ವಂತ ಶಿಸ್ತಿನ ಪ್ರಶ್ನೆ ಮಾಡಿಬಿಡುವುದು, ಕಚೇರಿ ಹೊರಬೇಕಾದ ಹೊಣೆಯನ್ನು ಅವರ ತಲೆಗೇ ಕಟ್ಟಿದಂತೆ.

ಹೊರಗಿನವರಿಗೆ ಪಿಎ ಎಂದರೆ 'ದೇವರು ಕೊಟ್ಟರೂ ಪೂಜಾರಿ ಕೊಡ' ಎಂಬ ಗಾದೆಯ ಪೂಜಾರಿ. ಭೇಟಿಗೆ ಸಮಯ ಕೊಡದೆ ಸತಾಯಿಸುವವರು. ಒಳಗಿನ ಕೆಲಸದ ಒಂದು ಎಳೆಯನ್ನು ಹತ್ತಿರದಿಂದ ನೋಡಿ. ಮುಂಬಯಿಯ ಸಹಾರ ವಿಮಾನ ನಿಲ್ದಾಣದಿಂದ ವಿದೇಶಕ್ಕೆ ಹೋಗುವ ವಿಮಾನಗಳಲ್ಲಿ ಬಹಳಷ್ಟು ಹೊರಡುವುದು ಮಧ್ಯರಾತ್ರಿ ಕಳೆದ ಮೇಲೆ. ಟಿಕೆಟಿನಲ್ಲಿ 14ನೇ ತಾರೀಕು 00:20 ಎಂದಿದ್ದರೆ ಸಾಹೇಬರು ಮನೆ ಬಿಡಬೇಕಾದದ್ದು 13ರ ರಾತ್ರಿ. ಕಾರು, ಡ್ರೈವರ್, 13ರ ಸಂಜೆಯ ಬೋರ್ಡ್ ಮೀಟಿಂಗು, ಅತ್ತ ಇಳಿದ ಮೇಲಿನ ಹೋಟೆಲು, ಎಲ್ಲವೂ ಆ ಒಂದು ತಾರೀಕಿಗೆ ನೇತುಬಿದ್ದಿರುತ್ತವೆ. ಲಂಡನ್ನಿಗೂ ನಮಗೂ ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ಅಂತರ, ಚಳಿಗಾಲದಲ್ಲಿ ಐದೂವರೆ. ಮಾರ್ಚ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ತಿರುಗಿಸಿದ್ದನ್ನು ಮರೆತರೆ ಸೋಮವಾರದ ಕರೆಗೆ ಒಂದು ಕಡೆಯವರು ಕಾದು ಕೂರುತ್ತಾರೆ. ಇವು ಬುದ್ಧಿಗೆ ಮೀರಿದ ಲೆಕ್ಕಗಳಲ್ಲ. ಹೊಸಬರಿಗೂ ಮೊದಲ ವಾರದಲ್ಲೇ ಹೇಳಿಕೊಡುವಂಥವು. ಇಂಥದ್ದು ತಪ್ಪುವುದು ಗೊತ್ತಿಲ್ಲದೆ ಅಲ್ಲ, ದಣಿದು. ಕ್ಯಾಲೆಂಡರಿನ ಜೋಡಣೆಯನ್ನು ಇನ್ನು ಮುಂದೆ ಯಂತ್ರವೇ ಮಾಡುತ್ತದೆ ಎನ್ನಿ. ಆಗ ಮನುಷ್ಯರಿಗೆ ಉಳಿಯುವುದು ಯಾರನ್ನು ಈಗಲೇ ಒಳಗೆ ಬಿಡಬೇಕು, ಯಾವ ಪತ್ರವನ್ನು ನಾಳೆ ಬೆಳಿಗ್ಗೆ ತೋರಿಸಬೇಕು, ಸಾಹೇಬರು ಸಿಟ್ಟಿನಲ್ಲಿ ಬರೆಸಿದ ಯಾವ ಮೇಲನ್ನು ಕಳಿಸದೆ ಅರ್ಧ ಗಂಟೆ ತಡೆಯಬೇಕು ಎಂಬ ವಿವೇಚನೆ. ದಣಿದ ತಲೆಯಲ್ಲಿ ಎಲ್ಲಕ್ಕಿಂತ ಮೊದಲು ಹೋಗುವುದು ಅದೇ.

ಕಾನೂನು ಕಾಯುತ್ತದಲ್ಲ ಎಂದರೆ, ಅಲ್ಲೊಂದು ತಮಾಷೆಯಿದೆ. ಮಹಾರಾಷ್ಟ್ರದ ಅಂಗಡಿ ಮತ್ತು ಸಂಸ್ಥೆಗಳ 2017ರ ಕಾಯಿದೆ ವಾರಕ್ಕೊಂದು ರಜೆ, ವರ್ಷಕ್ಕೆ 8 ದಿನ ಕ್ಯಾಶುಯಲ್ ಲೀವ್, 45 ದಿನಗಳವರೆಗೆ ಕೂಡಿಡಬಹುದಾದ ಗಳಿಕೆ ರಜೆ ಕೊಡುತ್ತದೆ. ಅದೇ ಕಾಯಿದೆ ಗೋಪ್ಯ, ಆಡಳಿತ ಅಥವಾ ಮೇಲ್ವಿಚಾರಣೆಯ ಸ್ವರೂಪದ ಹುದ್ದೆಯವರನ್ನು ತನ್ನ ವ್ಯಾಪ್ತಿಯಿಂದ ಹೊರಗಿಡುತ್ತದೆ. ಸಂಸ್ಥೆ ಅಂಥವರ ಪಟ್ಟಿ ಪ್ರಕಟಿಸಬೇಕು, ಅಷ್ಟೇ. ಗೋಪ್ಯ ಹುದ್ದೆ ಎಂದರೆ ಯಾರದು? ಎಂಡಿಯ ಮೇಲ್ ಓದುವವರದು, ಬೋರ್ಡಿನ ಕಡತ ಹಿಡಿದವರದು. ಕಾಯಿದೆಯ ವ್ಯಾಪ್ತಿಗೆ ಬರುವ ಅಂಗಡಿಯಲ್ಲಿ ಬಟ್ಟೆ ಮಡಚುವ ಹುಡುಗನಿಗೆ ರಜೆ ಕಾನೂನಿನ ಹಕ್ಕು. ಕಂಪನಿಯ ಗುಟ್ಟು ಕಾಯುವವರಿಗೆ ಅದು ನೇಮಕಾತಿ ಪತ್ರದಲ್ಲಿ ಬರೆದಿದ್ದಷ್ಟು. ನಂಬಿಕೆ ಗಳಿಸಿದ್ದಕ್ಕೆ ತೆರುವ ಬೆಲೆ ಇದು. 2018ರಲ್ಲಿ ಬಾರಾಮತಿಯ ಸಂಸದೆ ಸುಪ್ರಿಯಾ ಸುಳೆ ಕೆಲಸದ ವೇಳೆ ಮುಗಿದ ಮೇಲೆ ಕರೆಗೆ ಉತ್ತರಿಸದಿರುವ ಹಕ್ಕಿಗಾಗಿ ಲೋಕಸಭೆಯಲ್ಲಿ ಖಾಸಗಿ ಮಸೂದೆ ತಂದರು. ಫ್ರಾನ್ಸ್ 2017ರಿಂದಲೇ ಅಂಥ ನಿಯಮವನ್ನು ಜಾರಿಗೆ ತಂದಿತ್ತು. ನಮ್ಮಲ್ಲಿ ಆ ಮಸೂದೆ ಕಾಯಿದೆಯಾಗಲಿಲ್ಲ.

ಲೋವರ್ ಪರೇಲಿನಲ್ಲಿ ನಿಂತರೆ ಈ ವಿಪರ್ಯಾಸ ಕಣ್ಣಿಗೇ ಕಾಣುತ್ತದೆ. ನಾರಾಯಣ ಮೇಘಾಜಿ ಲೋಖಂಡೆ 1884ರಿಂದ ಗಿರಣಿ ಕೆಲಸಗಾರರನ್ನು ಕಟ್ಟಿಕೊಂಡು ಕೇಳುತ್ತ ಬಂದದ್ದು ವಾರಕ್ಕೊಂದು ದಿನದ ಬಿಡುವು. 1890ರ ಜೂನ್ 10ರಂದು ಮುಂಬಯಿಯ ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಆ ಗಿರಣಿಗಳ ಜಾಗದಲ್ಲೇ ಈಗ ಗಾಜಿನ ಕಚೇರಿಗಳು ಎದ್ದಿವೆ; ಕಮಲಾ ಮಿಲ್ಸ್ ಎಂದರೆ ಇಂದಿನ ಹುಡುಗರಿಗೆ ಕಚೇರಿ ಮತ್ತು ರೆಸ್ಟೋರೆಂಟುಗಳ ಆವರಣ. ಅಲ್ಲಿ ದುಡಿಯುವ ಎಷ್ಟೋ ಇಎಗಳು ಭಾನುವಾರ ಮಧ್ಯಾಹ್ನ ಡೊಂಬಿವಲಿಯಲ್ಲೋ ವಸಯಿಯಲ್ಲೋ ಊಟಕ್ಕೆ ಕೂತಾಗ ವಾಟ್ಸಾಪ್ ಸದ್ದು ಮಾಡುತ್ತದೆ: 'ಜಸ್ಟ್ ಎ ಸ್ಮಾಲ್ ಥಿಂಗ್.' ಗಿರಣಿಯ ಸೈರನ್ನಿಗಾದರೂ ಒಂದು ಹೊತ್ತಿತ್ತು.

ಇಷ್ಟೆಲ್ಲ ಹೇಳಿದ ಮೇಲೂ ಎದುರು ವಾದ ಗಟ್ಟಿಯಾಗಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಮಾಟುಂಗಾದ ಹೋಟೆಲಿನ ಅಡುಗೆಮನೆಯಲ್ಲಿ ಬೆಳಿಗ್ಗೆ ಐದಕ್ಕೆ ಇಡ್ಲಿ ಹಾಕುವವನಿಗಿಂತ ಏರ್ ಕಂಡೀಷನ್ನಿನಲ್ಲಿ ಕೂತವರ ದಣಿವು ದೊಡ್ಡದೇ ಎಂದು ಕೇಳುವವರಿದ್ದಾರೆ. ಅಲ್ಲ, ದೊಡ್ಡದಲ್ಲ. ಆದರೆ ಒಬ್ಬರಿಗೆ ರಜೆಯಿಲ್ಲ ಎಂಬುದು ಇನ್ನೊಬ್ಬರ ರಜೆ ಕಿತ್ತುಕೊಳ್ಳಲು ಕಾರಣವಾಗುವುದಿಲ್ಲ. ಎರಡನೆಯ ವಾದ ಬೆಳವಣಿಗೆಯದು: ಮೊದಲ ಹತ್ತು ವರ್ಷ ಹಗಲಿರುಳು ನಿಂತರೆ ತಾನೇ ಸಾಹೇಬರ ನಂಬಿಕೆ, ನಂಬಿಕೆಯಿಂದ ತಾನೇ ಬಡ್ತಿ? ನಾರಾಯಣ ಮೂರ್ತಿಯವರು 2023ರಲ್ಲಿ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಆರಂಭದಲ್ಲಿ ಎಲ್ ಅಂಡ್ ಟಿ ಮುಖ್ಯಸ್ಥ ಎಸ್.ಎನ್. ಸುಬ್ರಹ್ಮಣ್ಯನ್ 90ಕ್ಕೆ ಏರಿಸಿದರು. ಈ ಚರ್ಚೆಯಲ್ಲಿ ಒಂದು ಲೆಕ್ಕ ಯಾರೂ ಹಾಕಲಿಲ್ಲ. ನಾಯಕರ 70 ಗಂಟೆಗೆ ಮುಂಚೆ ಅವರ ದಿನವನ್ನು ಜೋಡಿಸಿಡುವವರೊಬ್ಬರು ಇರುತ್ತಾರೆ, ಮುಗಿದ ಮೇಲೆ ಬಾಕಿ ಉಳಿದದ್ದನ್ನು ಬಳಿದು ಮುಗಿಸುವವರೂ ಅವರೇ. ನಾಯಕರಿಗೆ ದಣಿವಾದರೆ ನಡುವಿನ ಮೀಟಿಂಗನ್ನು ರದ್ದು ಮಾಡಬಹುದು. ರದ್ದಾದ ಸುದ್ದಿಯನ್ನು ಹನ್ನೆರಡು ಜನಕ್ಕೆ ತಿಳಿಸಿ ಹೊಸ ಸಮಯ ಹೊಂದಿಸುವುದು ಮತ್ತೆ ಇಎಯ ಕೆಲಸ. ಸಾಹೇಬರ ಬಿಡುವು ಕೂಡ ಅವರಿಗೆ ದುಡಿಮೆಯೇ.

ನಂಬಿಕೆಯಿಂದ ಬಡ್ತಿ ಎಂಬುದೂ ಅರ್ಧ ಸತ್ಯ. 'ಅವರಿಲ್ಲದೆ ನನ್ನ ಒಂದು ದಿನವೂ ನಡೆಯದು' ಎಂದು ಸಾಹೇಬರು ಪಾರ್ಟಿಯಲ್ಲಿ ನಾಲ್ಕು ಜನರ ಮುಂದೆ ಹೊಗಳಿದರೆ ಹಿಗ್ಗುವವರು, ಆ ಮಾತನ್ನು ಅಪ್ರೈಸಲ್ ಸಮಯದಲ್ಲಿ ಇನ್ನೊಮ್ಮೆ ಕೇಳಿಸಿಕೊಳ್ಳಬೇಕು. ಯಾರಿಲ್ಲದೆ ಒಂದು ದಿನವೂ ನಡೆಯದೋ ಅವರನ್ನು ಆ ಕುರ್ಚಿಯಿಂದ ಏಳಿಸಿ ಆಡಳಿತ ವಿಭಾಗಕ್ಕೋ ಚೀಫ್ ಆಫ್ ಸ್ಟಾಫ್ ಹುದ್ದೆಗೋ ಯಾಕೆ ಕಳಿಸುತ್ತಾರೆ? ಕುರ್ಚಿ ಭದ್ರವಾದಷ್ಟೂ ಮನುಷ್ಯ ಅಲ್ಲೇ ಉಳಿಯುತ್ತಾನೆ. ಎರಡು ವಾರ ರಜೆಗೆ ಹೋಗಿಬರಬೇಕೆಂದರೆ ಯಾವ ಕಡತ ಎಲ್ಲಿದೆ, ಯಾರನ್ನು ಹೇಗೆ ಮಾತಾಡಿಸಬೇಕು, ಯಾವ ಪಾಸ್‌ಪೋರ್ಟ್ ಯಾವಾಗ ಮುಗಿಯುತ್ತದೆ ಎಂಬುದನ್ನೆಲ್ಲ ಬರೆದಿಡಬೇಕು, ಒಬ್ಬ ಕಿರಿಯರನ್ನು ತಯಾರು ಮಾಡಬೇಕು. ಮೇಲಿನ ಹುದ್ದೆಯಲ್ಲಿ ಮಾಡಬೇಕಾದ ಕೆಲಸವೂ ಅದೇ: ತಾನು ಮಾಡುವುದನ್ನು ಬಿಟ್ಟು ಇನ್ನೊಬ್ಬರಿಂದ ಮಾಡಿಸುವುದು.

ಕಂಪನಿಗಳು ಇಂಥ ಎರಡು ವಾರದ ರಜೆಯನ್ನು ಒಪ್ಪಲು ಹಿಂಜರಿದರೆ, ಮುಂಬಯಿಯಲ್ಲೇ ಕೂತ ರಿಸರ್ವ್ ಬ್ಯಾಂಕಿನ ಕಡೆ ತೋರಿಸಬಹುದು. 2021ರ ಜುಲೈಯಲ್ಲಿ ಅದು ಬ್ಯಾಂಕುಗಳಿಗೆ ಹೊರಡಿಸಿದ ಸುತ್ತೋಲೆಯ ಪ್ರಕಾರ ಸೂಕ್ಷ್ಮ ಹುದ್ದೆಗಳಲ್ಲಿರುವ ನೌಕರರನ್ನು ವರ್ಷಕ್ಕೊಮ್ಮೆ, ಒಂದೇ ಕಂತಿನಲ್ಲಿ, ಕನಿಷ್ಠ 10 ಕೆಲಸದ ದಿನ ರಜೆಯ ಮೇಲೆ ಕಳಿಸಲೇಬೇಕು. ಮುಂಚಿತವಾಗಿ ತಿಳಿಸುವಂತೆಯೂ ಇಲ್ಲ. ಆ ದಿನಗಳಲ್ಲಿ ಬ್ಯಾಂಕಿನ ಒಳಗಿನ ಇಮೇಲ್ ಒಂದನ್ನು ಬಿಟ್ಟರೆ ಕೆಲಸಕ್ಕೆ ಸಂಬಂಧಿಸಿದ ಯಾವುದನ್ನೂ ಅವರು ಮುಟ್ಟಬಾರದು. ಇದರ ಹಿಂದೆ ಕರುಣೆಯಿಲ್ಲ, ಸಂಶಯವಿದೆ: ಮೇಜು ಬಿಟ್ಟು ಏಳದವರು ಏನೋ ಮುಚ್ಚಿಡುತ್ತಿರಬಹುದು ಎಂಬ ಸಂಶಯ. ನನಗೆ ಆ ಉದ್ದೇಶದಲ್ಲಿ ಆಸಕ್ತಿಯಿಲ್ಲ. ಕೋಟಿಗಟ್ಟಲೆ ರೂಪಾಯಿಯ ವ್ಯವಹಾರ ನೋಡುವವರೇ ಹೇಳದೆ ಕೇಳದೆ ಎರಡು ವಾರ ಕಾಣೆಯಾದರೂ ಬ್ಯಾಂಕ್ ನಡೆಯಬೇಕು ಎಂದು ನಿಯಂತ್ರಕರೇ ಪಟ್ಟು ಹಿಡಿಯಬಹುದಾದರೆ, ಒಬ್ಬ ಎಂಡಿಯ ಕ್ಯಾಲೆಂಡರ್ ನಡೆಯದೇ? ಸಂಶಯದಿಂದ ಸಿಗುವ ರಜೆ ನಂಬಿಕೆಯಿಂದ ಸಿಗುವುದಿಲ್ಲವೆಂದರೆ ಆ ನಂಬಿಕೆಯ ಲಕ್ಷಣವನ್ನೇ ಪರೀಕ್ಷಿಸಬೇಕು.

ಖಾಲಿ ಕೂರುವುದಕ್ಕೆ ನಮ್ಮ ಮುಂಬಯಿ ಕನ್ನಡಿಗರಿಗೂ ಒಂದು ಭಯವಿದೆ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಯಶವಂತ ಚಿತ್ತಾಲರ 'ಶಿಕಾರಿ'ಯ ನಾಗಪ್ಪ ಕಂಪನಿಯಿಂದ ಅಮಾನತಾದ ಕ್ಷಣದಿಂದ ಬೇಟೆಗೆ ಸಿಕ್ಕವನಾಗುತ್ತಾನೆ. 1979ರ ಆ ಕಾದಂಬರಿಯನ್ನು ಇಲ್ಲಿನ ಕಚೇರಿ ಜೀವನ ಕಂಡವರು ಬೇರೆಯೇ ರೀತಿಯಲ್ಲಿ ಓದುತ್ತಾರೆ: ಕುರ್ಚಿ ಬಿಟ್ಟವನ ಬೆನ್ನ ಹಿಂದೆ ಏನೇನೋ ನಡೆಯುತ್ತದೆ ಎಂಬ ನಡುಕದೊಂದಿಗೆ. ವರ್ಷಗಟ್ಟಲೆ ಪ್ರಿವಿಲೇಜ್ ಲೀವ್ ಕೂಡಿಹಾಕಿ ಕೊನೆಗೆ ಹಣ ಮಾಡಿಕೊಳ್ಳುವ ನಮ್ಮ ಚಾಳಿಯಲ್ಲಿ ಉಳಿತಾಯದ ಬುದ್ಧಿಯ ಜೊತೆಗೆ ಈ ನಡುಕವೂ ಇದೆ. ಇನ್ನು ಹೆಂಗಸರ ವಿಷಯದಲ್ಲಿ, ಸಿಕ್ಕ ನಾಲ್ಕು ರಜೆಯೂ ಮಕ್ಕಳ ಪರೀಕ್ಷೆ, ಅತ್ತೆಯ ಆಪರೇಷನ್ನು, ಊರಿಂದ ಬಂದ ನೆಂಟರಿಗೆ ಹೋಗುತ್ತದೆ. ಅದು ರಜೆಯೇ ಅಲ್ಲ, ಶಿಫ್ಟ್ ಬದಲಾವಣೆ. ಅದನ್ನು ಮನೆಯವರು ಒಪ್ಪುವವರೆಗೆ ಕಚೇರಿಯನ್ನೊಂದೇ ಬೈದು ಫಲವಿಲ್ಲ.

ಹಾಗಾಗಿ ಇದನ್ನು ಓದುತ್ತಿರುವ ಇಎಗಳಿಗೆ, ಇನ್ನು ಆಗಲಿರುವವರಿಗೆ ಒಂದು ಮಾತು. ಮುಂದಿನ ಇಂಟರ್‌ವ್ಯೂನಲ್ಲಿ ಸಂಬಳದ ಜೊತೆಗೆ ಇದನ್ನೂ ಕೇಳಿ: ನಾನು ರಜೆಯಲ್ಲಿರುವಾಗ ನನ್ನ ಕುರ್ಚಿಯಲ್ಲಿ ಕೂರುವವರು ಯಾರು? ಅವರ ಹುದ್ದೆ ಯಾವುದು ಎಂದು ಹೇಳಿಸಿಕೊಳ್ಳಿ. ವರ್ಷಕ್ಕೊಮ್ಮೆ ಒಂದೇ ಕಂತಿನಲ್ಲಿ ಎರಡು ವಾರ ಎಂಬುದನ್ನು ನೇಮಕಾತಿ ಪತ್ರದಲ್ಲಿ ಬರೆಸಿಕೊಳ್ಳಿ. ಕಾಯಿದೆ ನಿಮ್ಮನ್ನು ಕೈಬಿಟ್ಟಿರುವಾಗ ಆ ಪತ್ರವೇ ನಿಮಗೆ ಕಾಯಿದೆ. 'ಅದೆಲ್ಲ ಆಮೇಲೆ ನೋಡಿಕೊಳ್ಳೋಣ' ಎಂದು ಅವರು ನಕ್ಕರೆ, ಬೇರೆ ಕಂಪನಿ ನೋಡಿ.