‘ಇಕಿರು’ ಚಿತ್ರವನ್ನು ನಾವೆಲ್ಲ ಕೂಡಿ ನೋಡಬೇಕು

ನಮ್ಮ ಸಂಘಗಳ ಕಾರ್ಯಕ್ರಮಗಳಲ್ಲಿ ನಾಟಕ, ಯಕ್ಷಗಾನ, ಸುಗಮ ಸಂಗೀತಗಳಿಗೆ ಸ್ಥಾನವಿರುವಂತೆ ವರ್ಷಕ್ಕೊಂದು ಉತ್ತಮ ಪರಭಾಷಾ ಚಲನಚಿತ್ರಕ್ಕೂ ಸ್ಥಾನವಿರಬೇಕೆಂಬುದು ನನ್ನ ಅಭಿಪ್ರಾಯ. ಮೊದಲನೆಯದಾಗಿ, ಜಪಾನಿನ ಅಕಿರ ಕುರೊಸಾವಾ ಅವರು 1952ರಲ್ಲಿ ನಿರ್ದೇಶಿಸಿದ ‘ಇಕಿರು’ ಚಿತ್ರವನ್ನು ಸೂಚಿಸುತ್ತೇನೆ. ಆ ಪದಕ್ಕೆ ‘ಬದುಕುವುದು’ ಎಂದರ್ಥ. ಆರೋಗ್ಯ ಲೇಖನಗಳ ನಡುವೆ ಚಲನಚಿತ್ರದ ಮಾತೇಕೆಂದು ವಾಚಕರು ಕೇಳಬಹುದು, ಅದಕ್ಕೆ ಕಾರಣವಿದೆ.

ಕಥಾನಾಯಕ ವತನಾಬೆ ನಗರಾಡಳಿತ ಕಚೇರಿಯ ಒಂದು ವಿಭಾಗದ ಮುಖ್ಯಸ್ಥ. ಸುಮಾರು ಮೂವತ್ತು ವರ್ಷ ರಜೆಯಿಲ್ಲದೆ ಕಡತಗಳಿಗೆ ಮೊಹರು ಒತ್ತುತ್ತ ಬಂದವನು. ಆತನಿಗೆ ಜಠರದ ಕ್ಯಾನ್ಸರ್. ವೈದ್ಯರಾದರೋ ಸಾಮಾನ್ಯ ಹುಣ್ಣೆಂದು ಹೇಳಿ ಕಳುಹಿಸುತ್ತಾರೆ. ಆದರೆ ವೈದ್ಯರು ಹಾಗೆ ಹೇಳಿದರೆ ಅದರ ನಿಜಾರ್ಥವೇನೆಂಬುದನ್ನು ಹೊರಗೆ ಕುಳಿತಿದ್ದ ಮತ್ತೊಬ್ಬ ರೋಗಿ ಮೊದಲೇ ವಿವರಿಸಿರುತ್ತಾನೆ. ಸತ್ಯವನ್ನರಿತ ವತನಾಬೆ ಕೆಲಕಾಲ ದಿಕ್ಕುಗೆಟ್ಟು ಅಲೆಯುತ್ತಾನೆ. ಅನಂತರ, ಕೊಳಚೆ ನೀರು ನಿಂತ ಸ್ಥಳವನ್ನು ಮಕ್ಕಳ ಉದ್ಯಾನವಾಗಿಸಬೇಕೆಂಬ ತಾಯಂದಿರ ಅರ್ಜಿಯನ್ನು ಕೈಗೆತ್ತಿಕೊಂಡು, ಅಧಿಕಾರಿಗಳ ಮುಂದೆ ತಾನೇ ಕಾದು ನಿಂತು, ಅದನ್ನು ನೆರವೇರಿಸುತ್ತಾನೆ. ಸುರಿಯುವ ಹಿಮದಲ್ಲಿ ಆ ಉದ್ಯಾನದ ಉಯ್ಯಾಲೆಯ ಮೇಲೆ ಕುಳಿತು ಹಾಡುವ ತಕಾಶಿ ಶಿಮುರಾ ಅವರ ಅಭಿನಯ ಅವಿಸ್ಮರಣೀಯ. ರೋಗದ ಸತ್ಯ ತಿಳಿಯದಿದ್ದರೆ ಆ ಉದ್ಯಾನವೇ ಇರುತ್ತಿರಲಿಲ್ಲ.

ಈ ಪ್ರಶ್ನೆ ನಮ್ಮ ಮನೆಗಳದೂ ಹೌದು. ಚಿಕಿತ್ಸೆಗೆಂದು ಊರಿನಿಂದ ಮುಂಬಯಿಗೆ ಬರುವ ನಮ್ಮ ಹಿರಿಯರಲ್ಲಿ ಅನೇಕರಿಗೆ ಹಿಂದಿ, ಮರಾಠಿ, ಇಂಗ್ಲಿಷ್ ಬಾರದು. ವೈದ್ಯರ ಮಾತನ್ನು ಕನ್ನಡಕ್ಕೆ ತಂದು ಹೇಳುವವರು ನಾವೇ. ಆಗ ‘ಕ್ಯಾನ್ಸರ್’ ಎಂಬುದು ನಮ್ಮ ಬಾಯಲ್ಲಿ ‘ಸಣ್ಣದೊಂದು ಗಂಟು’ ಆಗಿಬಿಡುತ್ತದೆ. ಇದರ ಹಿಂದಿರುವುದು ಪ್ರೀತಿಯೇ ಆದರೂ, ಅವರ ಕಾಲದ ಮೇಲೆ ಅವರಿಗಿರುವ ಹಕ್ಕನ್ನು ನಾವು ಕಸಿದುಕೊಂಡಂತಾಗುತ್ತದೆ. ಮುನಿದ ತಮ್ಮನನ್ನು ಕರೆಸಿಕೊಳ್ಳುವುದು, ಉಯಿಲು ಬರೆಯುವುದು, ಠೇವಣಿಗೆ ನಾಮನಿರ್ದೇಶನ ಮಾಡುವುದು – ಇವೆಲ್ಲ ಅವರೇ ಮಾಡಬೇಕಾದ ಕಾರ್ಯಗಳು. ನಾಮನಿರ್ದೇಶನವಿಲ್ಲದ ಖಾತೆಗಾಗಿ ವಾರಸುದಾರರು ಕಾಗದಪತ್ರ ಹಿಡಿದು ಅಲೆಯುವುದನ್ನು ಬ್ಯಾಂಕಿನಲ್ಲಿರುವ ನಾನು ಬಲ್ಲೆ.

ಸತ್ಯ ತಿಳಿದರೆ ರೋಗಿಯ ಧೈರ್ಯ ಕುಂದದೇ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ವತನಾಬೆಯೂ ಮೊದಲು ಕುಸಿಯುತ್ತಾನೆ. ಎಲ್ಲವನ್ನೂ ಒಮ್ಮೆಲೇ ಹೇಳಬೇಕೆಂದು ನಾನು ವಾದಿಸುವುದಿಲ್ಲ. ಎಷ್ಟು ತಿಳಿಯಬಯಸುವರೆಂದು ಅವರನ್ನೇ ಕೇಳಬೇಕು. ಅದೂ ಅಲ್ಲದೆ, ಬೇಗನೆ ಪತ್ತೆಯಾದ ಜಠರದ ಕ್ಯಾನ್ಸರ್ ಇಂದು ಗುಣವಾಗಬಲ್ಲದು. ಚಿಕಿತ್ಸೆಯ ಕಷ್ಟ ಸಹಿಸುವವರಿಗೆ ಅದರ ಕಾರಣವೂ ತಿಳಿದಿರಬೇಕಲ್ಲವೆ? ಚಿಕಿತ್ಸೆಗೆ ರೋಗಿಯ ಅರಿವುಳ್ಳ ಸಮ್ಮತಿ ಅಗತ್ಯವೆಂದು ಸರ್ವೋಚ್ಚ ನ್ಯಾಯಾಲಯವೂ 2008ರಲ್ಲಿ ತೀರ್ಪಿತ್ತಿದೆ.

ಚಿತ್ರದ ಅವಧಿ 143 ನಿಮಿಷಗಳು. ಇಂಗ್ಲಿಷ್ ಅಡಿಬರಹ ಓದಲಾಗದವರಿಗಾಗಿ ಮೊದಲು ಕಥಾಸಾರವನ್ನು ಕನ್ನಡದಲ್ಲಿ ಹೇಳಬೇಕು. ಕೊನೆಯಲ್ಲಿ ಕನ್ನಡ ಬಲ್ಲ ವೈದ್ಯರೊಬ್ಬರೊಡನೆ ಅರ್ಧ ಗಂಟೆ ಸಂವಾದವಿರಬೇಕು. ಪ್ರದರ್ಶನಕ್ಕೆ ಹಕ್ಕುದಾರರ ಅನುಮತಿಯನ್ನೂ ಪಡೆಯಬೇಕು. ತಂದೆಯ ರೋಗದ ಮಾತನ್ನು ಮನೆಯಲ್ಲಿ ಎತ್ತುವುದು ಕಠಿನ. ವತನಾಬೆಯ ರೋಗವನ್ನು ಕುರಿತು ತಂದೆ, ಮಕ್ಕಳು, ಸೊಸೆಯಂದಿರು ಸಭಾಂಗಣದಲ್ಲಿ ಕೂಡಿ ಮಾತನಾಡಬಹುದು. ಆ ಮಾತು ಆಮೇಲೆ ಮನೆಯಲ್ಲಿಯೂ ಮುಂದುವರಿದೀತು. ಕಾರ್ಯಕಾರಿ ಸಮಿತಿಯು ಈ ಸಲಹೆಯನ್ನು ಪರಿಶೀಲಿಸಬೇಕೆಂದು ವಿನಂತಿಸುತ್ತೇನೆ.