ಪ್ಯಾಡು ಸವೆದರೆ ಹೆಡ್‌ಫೋನನ್ನೇ ಯಾಕೆ ಎಸೀಬೇಕು?

ಹೆಡ್‌ಫೋನಿನ ಕಿವಿ ಪ್ಯಾಡು ಕಿತ್ತುಹೋದರೆ ‘ಹೊಸದೇ ತಗೊಳ್ಳಿ’ ಅನ್ನುವ ಅಂಗಡಿಯವರ ಮಾತನ್ನು ನಾವು ಒಪ್ಪುವುದಿಲ್ಲ. ಸೀಟು ಹರಿದರೆ ಸೈಕಲ್ಲನ್ನೇ ಗುಜರಿಗೆ ಹಾಕ್ತೀವಾ?

ಕೋಣನಕುಂಟೆಯ ಬಾಡಿಗೆ ರೂಮಿನಲ್ಲಿ ಫ್ಯಾನ್ ಆಫ್ ಮಾಡಿ ಗಂಟೆಗಟ್ಟಲೆ ಆಡಿಯೊ ಎಡಿಟ್ ಮಾಡುವವರು ನಾವು. ಬೆವರಿಗೆ, ಗಾಳಿಯ ತೇವಕ್ಕೆ ಪ್ಯಾಡಿನ ರೆಕ್ಸಿನ್‌ನಂಥ ಹೊದಿಕೆ ಸಿಪ್ಪೆ ಏಳುತ್ತದೆ. ಕಿವಿ ನೋಯುವುದು ಹಾಗಿರಲಿ, ಸೌಂಡೇ ಕೆಡುತ್ತದೆ. ಪ್ಯಾಡು ಕಿವಿಯ ಸುತ್ತ ಬಿಗಿಯಾಗಿ ಕೂರದಿದ್ದರೆ ಬೇಸ್ ಸೋರಿಹೋಗುತ್ತದೆ. ಡೊಳ್ಳಿನ ಸದ್ದು ಕಮ್ಮಿ ಅನ್ನಿಸಿ ಏರಿಸುತ್ತೇವೆ. ಊರಿನ ಸ್ಪೀಕರಿನಲ್ಲಿ ಅದೇ ಗುಂಯ್‌ಗುಟ್ಟಿ ಹಾಡಿನ ಮಾತೇ ಮುಚ್ಚಿಹೋಗುತ್ತದೆ.

1991ರಲ್ಲಿ ಬಂದ ಸೋನಿ ಎಂಡಿಆರ್-7506 ಇವತ್ತಿಗೂ ಸ್ಟುಡಿಯೊಗಳಲ್ಲಿ ದುಡಿಯುತ್ತಿದೆ. ಅದರ ಪ್ಯಾಡನ್ನು ಕೈಯಲ್ಲೇ ಬಿಚ್ಚಿ ಬೇರೆ ಹಾಕಬಹುದು. ಎಲ್ಲ ಹೆಡ್‌ಫೋನೂ ಹಾಗೇ ಇರಬೇಕು.

ಆದರೆ ಸಿಕ್ಕಿದ ಪ್ಯಾಡು ತಗಲಿಸಬೇಡಿ. ಮಖಮಲ್ ಬಟ್ಟೆಯದ್ದು ಸೆಕೆಗೆ ಹಿತ, ಬೇಸ್ ಮಾತ್ರ ಇಳಿಯುತ್ತದೆ. ದಪ್ಪ ಹೆಚ್ಚಾದರೂ ಸೌಂಡ್ ಬದಲಾಗುತ್ತದೆ. ಮೊದಲಿದ್ದ ಅಳತೆ, ಮೊದಲಿದ್ದ ಬಗೆಯದ್ದೇ ಹಾಕಿ.

ಹಾಲಿನ ದುಡ್ಡು ಕೂಡಿಸಿ ಹೆಡ್‌ಫೋನ್ ಕೊಳ್ಳುವ ಹುಡುಗರೇ, ದುಡ್ಡು ಎಣಿಸುವ ಮೊದಲು ಕೇಳಿ: ‘ಇದಕ್ಕೆ ಪ್ಯಾಡು ಬಿಡಿಯಾಗಿ ಸಿಗುತ್ತಾ?’ ಇಲ್ಲ ಅಂದರೆ ಡಬ್ಬ ಅಲ್ಲೇ ಇಟ್ಟು ಎದ್ದು ಬನ್ನಿ.